ಕೇಬಲ್ ಇರಲಾ, ಆ್ಯಪ್ ಹಾಕಿಸಲಾ, ನಾಟಕಕ್ಕೆ ಹೋಗಲಾ? ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಒಂದು ಲೆಕ್ಕ

ಈಚೆಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇವೆ. ಹುಬ್ಬಳ್ಳಿ ವಿದ್ಯಾನಗರದವರು ಕೇಬಲ್ ತೆಗೆಸಿಬಿಡಲಾ ಅಂತ ಕೇಳುತ್ತಾರೆ. ನರಗುಂದದ ಕಡೆಯವರಿಗೆ ಫ್ರೀ ಡಿಶ್ ಸಾಕಾಗುತ್ತಾ ಅನ್ನೋ ಅನುಮಾನ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುವ ಹುಡುಗರಿಗೆ ಯಾವ ಆ್ಯಪ್‌ಗೆ ದುಡ್ಡು ಹಾಕಬೇಕು ಅನ್ನೋದೇ ದೊಡ್ಡ ಚಿಂತೆ. ಹಾವೇರಿಯ ಒಬ್ಬರಂತೂ ನೇರವಾಗಿ ಕೇಳಿದರು: ಮನೆಯಲ್ಲಿ ಇಷ್ಟೆಲ್ಲ ಇದ್ದರೂ ನೋಡೋಕೆ ಏನೂ ಇಲ್ಲ ಅನಿಸುತ್ತಲ್ಲ, ಯಾಕೆ?

ನಮ್ಮ ಅಜ್ಜಂದಿರಿಗೆ ಈ ತಲೆನೋವು ಇರಲಿಲ್ಲ. ಊರೂರು ತಿರುಗುವ ನಾಟಕ ಕಂಪನಿ ಊರಿಗೆ ಬಂದರೆ ನಾಟಕ, ಬಾರದಿದ್ದರೆ ಇಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಆಗ ರೇಡಿಯೋ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಿತ್ತು, ವರ್ಷವರ್ಷ ಅಂಚೆ ಕಚೇರಿಯಲ್ಲಿ ಫೀ ಕಟ್ಟಬೇಕಿತ್ತು. 1994ರಲ್ಲಿ ಉದಯ ಟಿವಿ ಬಂತು. 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಝೀ ಕನ್ನಡ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಎಲ್ಲರ ಕೈಯಲ್ಲೂ ಡೇಟಾ. ಹೊಸದು ಬಂದಾಗಲೆಲ್ಲ ಹಳೆಯದರ ಕಥೆ ಮುಗೀತು ಅಂದರು. ಟೆಂಟ್ ಟಾಕೀಸು, ವಿಡಿಯೋ ಕ್ಯಾಸೆಟ್ ಅಂಗಡಿ ಬಿಟ್ಟರೆ ಉಳಿದವೆಲ್ಲ ಇನ್ನೂ ಇವೆ. ಬಿಲ್ಲು ಮಾತ್ರ ಒಂದರ ಮೇಲೊಂದು ಸೇರುತ್ತಾ ಹೋಯಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಎಷ್ಟೋ ಮನೆಗಳು ಒಂದೇ ಸೀರಿಯಲ್‌ಗೆ ಎರಡೆರಡು ಸಲ ದುಡ್ಡು ಕೊಡುತ್ತಿವೆ. ಒಮ್ಮೆ ಕೇಬಲ್‌ನವರಿಗೆ, ಇನ್ನೊಮ್ಮೆ ಆ್ಯಪ್‌ನವರಿಗೆ. ಅದೊಂದನ್ನು ನಿಲ್ಲಿಸಿದರೆ ಸಿನಿಮಾಕ್ಕೋ ನಾಟಕಕ್ಕೋ ದುಡ್ಡು ಮಿಕ್ಕುತ್ತದೆ.

ಯಾವುದನ್ನು ನೋಡಿ ಅಳೆಯಬೇಕು

ಎಷ್ಟು ಚಾನೆಲ್, ಎಷ್ಟು ಸಿನಿಮಾ ಸಿಗುತ್ತದೆ ಅನ್ನೋದರಿಂದ ಲೆಕ್ಕ ಶುರು ಮಾಡಬೇಡಿ. ಅಷ್ಟೂ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಮನೆಯಲ್ಲಿ ಯಾರು, ಎಷ್ಟೊತ್ತಿಗೆ, ಯಾರ ಜೊತೆ ನೋಡುತ್ತಾರೆ? ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಸಂಜೆ ಏಳರಿಂದ ಹತ್ತರವರೆಗೆ ಎಲ್ಲರೂ ಒಂದೇ ಟಿವಿ ಮುಂದೆ ಕೂಡುವ ಮನೆಯ ಅಗತ್ಯ ಬೇರೆ. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಮೊಬೈಲ್ ಹಿಡಿಯುವ ಮನೆಯ ಅಗತ್ಯವೇ ಬೇರೆ.

ಎರಡನೆಯದು ತಿಂಗಳ ಖರ್ಚು. ಪ್ಯಾಕ್ ದರ ಅಷ್ಟೇ ಅಲ್ಲ, ಡೇಟಾ, ತೆರಿಗೆ, ಬಾಕ್ಸ್, ಹೋಗಿಬರುವ ಪೆಟ್ರೋಲ್ ಕೂಡ ಸೇರಿಸಿ. ಮೂರನೆಯದು, ಕನ್ನಡದಲ್ಲಿ ನಿಜವಾಗಿ ಎಷ್ಟು ಸಿಗುತ್ತದೆ. ನಾಲ್ಕನೆಯದು ಮಳೆ ಮತ್ತು ಕರೆಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಯದಾಗಿ, ಮನೆಯ ಹಿರಿಯರು ಅದನ್ನು ತಾವೇ ಹಚ್ಚಿ ಆರಿಸಬಲ್ಲರಾ? ಪ್ರತಿ ಸಲ ಮೊಮ್ಮಗ ಬರಬೇಕು ಅಂದರೆ ಅದೆಷ್ಟೇ ಅಗ್ಗವಾಗಿದ್ದರೂ ಅಜ್ಜಿಗೆ ಉಪಯೋಗವಿಲ್ಲ.

ಕೇಬಲ್ ಮತ್ತು ಡಿಟಿಎಚ್

ಹಿರಿಯರಿರುವ ಮನೆಗೆ ಇವತ್ತಿಗೂ ಇದೇ ಸರಿ. ರಿಮೋಟ್ ಒತ್ತಿದರೆ ಚಾನೆಲ್ ಬರುತ್ತದೆ, ಸೀರಿಯಲ್ ತನ್ನ ಹೊತ್ತಿಗೆ ತಾನೇ ಶುರುವಾಗುತ್ತದೆ. ಏನು ನೋಡಬೇಕು ಅಂತ ಹುಡುಕುವ ಕೆಲಸವೇ ಇಲ್ಲ. ಇದು ಸಣ್ಣ ಸುಖ ಅಲ್ಲ.

ಖರ್ಚಿನ ವಿಷಯಕ್ಕೆ ಬರೋಣ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೊಸ ನಿಯಮ ತಂದಿತು. ಪ್ರತಿ ಚಾನೆಲ್‌ಗೂ ಬಿಡಿ ದರ ಇರಬೇಕು, ಗ್ರಾಹಕರು ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಬಹುದು. ಸಂಪರ್ಕದ ಶುಲ್ಕಕ್ಕೆ 130 ರೂಪಾಯಿ ಮಿತಿ ಇತ್ತು. ಶೇ 18 ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ. 2024ರಲ್ಲಿ ಆ ಮಿತಿಯನ್ನು ತೆಗೆದರು. ಹಾಗಾಗಿ ಈಗ ಶುಲ್ಕ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರಬಹುದು. ಆದರೆ ಬಿಡಿಬಿಡಿಯಾಗಿ ಆರಿಸುವ ಹಕ್ಕು ಇನ್ನೂ ನಮ್ಮದೇ. ಹೆಚ್ಚಿನವರು ಅದನ್ನು ಬಳಸುವುದಿಲ್ಲ. ಕೇಬಲ್‌ನವರು ಹೇಳಿದ ಪ್ಯಾಕ್‌ಗೆ ಹೂಂ ಅನ್ನುತ್ತಾರೆ. ಅದರಲ್ಲಿ ಯಾರೂ ನೋಡದ ಇಂಗ್ಲಿಷ್ ಸಿನಿಮಾ ಚಾನೆಲ್ ಇರುತ್ತದೆ, ಮಕ್ಕಳೇ ಇಲ್ಲದ ಮನೆಗೆ ಕಾರ್ಟೂನ್ ಚಾನೆಲ್ ಇರುತ್ತದೆ.

ಒಂದು ವಾರ ಮನೆಯಲ್ಲಿ ಯಾವ ಚಾನೆಲ್ ನಿಜವಾಗಿ ಓಡುತ್ತದೆ ಅಂತ ಗಮನಿಸಿ. ಬಹುತೇಕ ಮನೆಗಳಲ್ಲಿ ಎರಡೋ ಮೂರೋ ಮನರಂಜನೆಯ ಚಾನೆಲ್, ಒಂದು ಸಿನಿಮಾ ಚಾನೆಲ್, ಒಂದೆರಡು ನ್ಯೂಸ್. ಅಷ್ಟೇ. ಕನ್ನಡ ನ್ಯೂಸ್ ಚಾನೆಲ್‌ಗಳಲ್ಲಿ ಹಲವು ಉಚಿತ ಪಟ್ಟಿಯಲ್ಲೇ ಇವೆ, ಚಂದನವೂ ಅಲ್ಲೇ. ನೀವು ನೋಡುವ ಚಾನೆಲ್‌ಗಳ ಪಟ್ಟಿ ಹಿಡಿದು ಕೇಬಲ್‌ನವರ ಜೊತೆ ಮಾತಾಡಿದರೆ ಬಿಲ್ಲು ಇಳಿಯುತ್ತದೆ. ಒಂದು ಎಚ್ಚರಿಕೆ ಇದೆ. ಕೆಲವೊಮ್ಮೆ ಮೂರ್ನಾಲ್ಕು ಬಿಡಿ ಚಾನೆಲ್‌ಗಿಂತ ಅದೇ ಕಂಪನಿಯ ಸಣ್ಣ ಗುಚ್ಛವೇ ಅಗ್ಗ. ಎರಡನ್ನೂ ಕೇಳಿ, ಕೂಡಿಸಿ ನೋಡಿ.

ಕೇಬಲ್ಲೋ ಡಿಶ್ಶೋ, ಅಂದರೆ ಡಿಟಿಎಚ್ಚೋ? ಡಿಶ್‌ಗೆ ಬರುವ ಸಿಗ್ನಲ್ ಜೋರು ಮಳೆಯಲ್ಲಿ ಕ್ಷೀಣಿಸುತ್ತದೆ, ಚಿತ್ರ ಒಡೆಯುತ್ತದೆ. ಕೇಬಲ್‌ಗೆ ಆ ತೊಂದರೆ ಕಡಿಮೆ, ಆದರೆ ರಸ್ತೆ ಅಗೆದರೆ, ಕಂಬ ಬಿದ್ದರೆ, ಓಣಿಯಲ್ಲಿ ಕರೆಂಟ್ ಹೋದರೆ ಅದೂ ಬಂದ್. ಊರಿನೊಳಗೆ ಫೋನ್ ಮಾಡಿದರೆ ಬರುವ ಕೇಬಲ್ ಹುಡುಗ ಇದ್ದರೆ ಕೇಬಲ್ಲೇ ಇರಲಿ. ಹೊಲದ ಮನೆ, ಹೊಸ ಲೇಔಟ್ ಅಂದರೆ ಡಿಶ್.

ಫ್ರೀ ಡಿಶ್

2004ರಲ್ಲಿ ದೂರದರ್ಶನ ಶುರು ಮಾಡಿದ ಸೇವೆ ಇದು. ಬಾಕ್ಸು, ತಟ್ಟೆ, ವೈರು ಸೇರಿ ಸುಮಾರು 1,500ರಿಂದ 2,000 ರೂಪಾಯಿ ಒಮ್ಮೆ ಹಾಕಿದರೆ ಮುಗೀತು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ.

ಕೊರತೆ ಎಲ್ಲಿದೆ ಅಂದರೆ ಕನ್ನಡದಲ್ಲಿ. ಚಂದನ ಸಿಗುತ್ತದೆ. ಹಿಂದಿಯ ಸಿನಿಮಾ, ಹಾಡು, ನ್ಯೂಸ್ ಬೇಕಾದಷ್ಟು ಸಿಗುತ್ತವೆ. ನಮ್ಮ ಜನಪ್ರಿಯ ಸೀರಿಯಲ್‌ಗಳ ಚಾನೆಲ್‌ಗಳನ್ನು ಮಾತ್ರ ಇಲ್ಲಿ ನಂಬಿಕೊಳ್ಳಬೇಡಿ. ಪಟ್ಟಿ ಆಗಾಗ ಬದಲಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮಾತು ಕೇಳಿ ತರಬೇಡಿ, ಓಣಿಯಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಹೋಗಿ ನೋಡಿ. ಬಾಕ್ಸ್ ತಗೊಳ್ಳುವಾಗ ಎಂಪೆಗ್-4 ಇರುವುದನ್ನೇ ಕೇಳಿ. ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಕೆಲವು ಚಾನೆಲ್ ಬರುವುದೇ ಇಲ್ಲ.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ. ಫ್ರೀ ಡಿಶ್ ಉಪಗ್ರಹ ನಮ್ಮೂರಿನಿಂದ ನೋಡಿದರೆ ಆಗ್ನೇಯಕ್ಕೆ, ಸಾಕಷ್ಟು ಮೇಲಿದೆ. ಆ ದಿಕ್ಕಿನಲ್ಲಿ ತೆಂಗಿನ ಮರವೋ ಪಕ್ಕದ ಮನೆಯ ಮೂರನೇ ಮಹಡಿಯೋ ಅಡ್ಡ ಇದ್ದರೆ ತಟ್ಟೆಯ ಜಾಗ ಬದಲಿಸಬೇಕು.

ಕ್ರಿಕೆಟ್ ಹುಚ್ಚಿರುವವರಿಗೆ ಇದರಲ್ಲೊಂದು ಲಾಭ ಇದೆ. 2007ರ ಕಾನೂನಿನಂತೆ ಭಾರತ ತಂಡ ಆಡುವ ಮುಖ್ಯ ಪಂದ್ಯಗಳ ಪ್ರಸಾರವನ್ನು ಖಾಸಗಿ ಚಾನೆಲ್‌ಗಳು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು. ಹಾಗೆ ಬಂದದ್ದು ಫ್ರೀ ಡಿಶ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಮೇಲೆ ಕಾಣುತ್ತದೆ. ಖಾಸಗಿ ಕೇಬಲ್, ಡಿಟಿಎಚ್‌ನಲ್ಲಿ ಅದು ಸಿಗಲ್ಲ, ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರಲ್ಲಿ ತೀರ್ಮಾನವಾದ ವಿಷಯ ಇದು. ಐಪಿಎಲ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ.

ಆ್ಯಪ್‌ಗಳು

ಚಂದಾ ಕಟ್ಟಿ ಮನೆಗೆ ತರಿಸಿಕೊಳ್ಳುವುದು ನಮ್ಮೂರಿಗೆ ಹೊಸದೇನಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದಲೇ ವರ್ಷದ ಚಂದಾ ಪಡೆದು ಓದುಗರಿಗೆ ಪುಸ್ತಕ ಕೊಟ್ಟಿದೆ. ಹುಬ್ಬಳ್ಳಿಯ ಕಸ್ತೂರಿ ಮಾಸಪತ್ರಿಕೆ 1956ರಿಂದ ಬರುತ್ತಿದೆ. ಆದರೆ ಅಲ್ಲಿ ಕೊಟ್ಟ ದುಡ್ಡಿಗೆ ಪುಸ್ತಕ ಕಪಾಟಿನಲ್ಲಿ ಉಳಿಯುತ್ತಿತ್ತು. ಇಲ್ಲಿ ಚಂದಾ ನಿಂತ ದಿನ ಎಲ್ಲವೂ ನಿಂತಿತು. ಚಂದಾ ಇರುವಾಗಲೇ ಸಿನಿಮಾ ಮಾಯ ಆಗುವುದೂ ಉಂಟು.

ಯಾವ ಸೀರಿಯಲ್ ಯಾವ ಆ್ಯಪ್‌ನಲ್ಲಿ ಅನ್ನೋದು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಝೀ ಕನ್ನಡದ್ದು ಝೀ5ನಲ್ಲಿ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ, ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿ. 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್ ಸೇರಿ ಒಂದಾದದ್ದರ ಫಲ ಇದು. ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಅಂದರೆ ಮನೆಯವರು ನೋಡುವ ಸೀರಿಯಲ್‌ಗಳು ಒಂದೇ ಬಳಗದವಾಗಿದ್ದರೆ ಒಂದೇ ಆ್ಯಪ್ ಸಾಕು, ಕೇಬಲ್ ಬಿಡಬಹುದು. ಮೂರು ಬಳಗಕ್ಕೆ ಹಂಚಿಹೋಗಿದ್ದರೆ ಮೂರು ಚಂದಾ ಕಟ್ಟುವುದಕ್ಕಿಂತ ಕೇಬಲ್ಲೇ ಲೇಸು. ತೆಗೆಸಲಾ ಬೇಡವಾ ಅಂತ ಕೇಳುವವರಿಗೆ ನಾನು ಕೊಡುವ ಮೊದಲ ಪರೀಕ್ಷೆ ಇದು.

ಕನ್ನಡ ಸಿನಿಮಾದ ವಿಷಯದಲ್ಲಿ ಆ್ಯಪ್‌ಗಳನ್ನು ಜಾಸ್ತಿ ನಂಬಬೇಡಿ. ದೊಡ್ಡ ನಾಯಕರ ಸಿನಿಮಾ ಕೆಲವು ವಾರಗಳಲ್ಲಿ ಬರುತ್ತದೆ. ಸಣ್ಣ ಸಿನಿಮಾಗಳಲ್ಲಿ ಎಷ್ಟೋ ಯಾವ ಆ್ಯಪ್‌ಗೂ ಬರುವುದೇ ಇಲ್ಲ, ಕೊಳ್ಳುವವರಿಲ್ಲ. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋ ಎರಡೂ 2016ರಿಂದ ಭಾರತದಲ್ಲಿವೆ. ಹಿಂದಿ, ಇಂಗ್ಲಿಷ್, ಮಲಯಾಳಂ, ಕೊರಿಯನ್ ನೋಡುವವರಿಗೆ ಅವು ಹಬ್ಬ. ಕನ್ನಡವೇ ಬೇಕು ಅನ್ನುವವರಿಗೆ ಅಲ್ಲಿ ಬೇಗ ತಳ ಕಾಣುತ್ತದೆ. ಜಾಹೀರಾತಿಲ್ಲ ಅಂತ ಚಂದಾ ಹಾಕಿದವರೂ ಒಮ್ಮೆ ನೋಡಿಕೊಳ್ಳಿ, ಪ್ರೈಮ್‌ನಲ್ಲಿ 2025ರ ಜೂನ್‌ನಿಂದ ಜಾಹೀರಾತು ಬರುತ್ತಿದೆ, ಅದು ಬೇಡ ಅಂದರೆ ಮತ್ತೆ ದುಡ್ಡು.

ಡೇಟಾ ಲೆಕ್ಕ ಮರೆಯಬೇಡಿ. ಎಚ್‌ಡಿಯಲ್ಲಿ ನೋಡಿದರೆ ಗಂಟೆಗೆ 1ರಿಂದ 3 ಜಿಬಿ ಹೋಗುತ್ತದೆ. ದಿನಕ್ಕೆ 1.5 ಜಿಬಿ ಇರುವ ಮೊಬೈಲ್ ಪ್ಯಾಕ್‌ನಲ್ಲಿ ಇಂಟರ್‌ವಲ್ ಹೊತ್ತಿಗೇ ಡೇಟಾ ಮುಗಿಯಬಹುದು. ಮನೆಯ ಟಿವಿಯಲ್ಲಿ ದಿನವೂ ಆ್ಯಪ್ ನೋಡಬೇಕು ಅಂದರೆ ಫೈಬರ್ ಸಂಪರ್ಕ ಇದ್ದರೇ ಅನುಕೂಲ. ಮಕ್ಕಳ ಓದಿಗೋ ಕೆಲಸಕ್ಕೋ ಅದು ಹೇಗೂ ಇದ್ದರೆ ಆ್ಯಪ್ ಅಗ್ಗ. ಆ್ಯಪ್‌ಗಾಗಿಯೇ ಹಾಕಿಸಬೇಕು ಅಂದರೆ ತಿಂಗಳ ಖರ್ಚು ಕೇಬಲ್ ಬಿಲ್ಲನ್ನು ದಾಟುವುದು ಸಾಮಾನ್ಯ.

ದುಡ್ಡೇ ಹಾಕದೆ ನೋಡಬೇಕು ಅನ್ನುವವರಿಗೆ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಇದೆ. 2024ರ ನವೆಂಬರ್‌ನಲ್ಲಿ ಬಂತು. ದೂರದರ್ಶನದ ಹಳೇ ಧಾರಾವಾಹಿಗಳ ರುಚಿ ಇದ್ದವರಿಗೆ ಅದೇ ಸಾಕು. ಯೂಟ್ಯೂಬ್ ಬಗ್ಗೆ ಏನು ಹೇಳೋದು, ಎಲ್ಲರ ಕೈಯಲ್ಲೂ ಇದೆ. ನಮ್ಮ ಗಂಡುಮೆಟ್ಟಿನ ಭಾಷೆಯ ಹಾಸ್ಯ ಟಿವಿಗಿಂತ ಅಲ್ಲೇ ಚೆನ್ನಾಗಿದೆ ಅನ್ನೋದು ನನ್ನ ಅನಿಸಿಕೆ. ಬೆಂಗಳೂರಿನ ಸೀರಿಯಲ್‌ಗಳಲ್ಲಿ ನಮ್ಮ ಮಾತು ಬಂದರೆ ಅದು ಮನೆಗೆಲಸದವರ ಬಾಯಲ್ಲೋ ಕಾಮಿಡಿ ಪಾತ್ರದ ಬಾಯಲ್ಲೋ ಬರುವುದೇ ಜಾಸ್ತಿ. ಯೂಟ್ಯೂಬ್‌ನಲ್ಲಿ ಅದೇ ಮಾತು ನಾಯಕನದು.

ರೇಡಿಯೋ

ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಕರೆಂಟ್ ಹೋದರೂ ಸೆಲ್ ಹಾಕಿದರೆ ಆಯಿತು. ಕಣ್ಣು ಕೊಡಬೇಕಿಲ್ಲ, ಅಡುಗೆ ಮಾಡುತ್ತಾ, ಮೆಣಸಿನಕಾಯಿ ಬಿಡಿಸುತ್ತಾ ಕೇಳಬಹುದು. ಹುಬ್ಬಳ್ಳಿ-ಧಾರವಾಡದ ನಡುವೆ ದಿನವೂ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೂ ಇದೇ ಒಳ್ಳೆಯದು. ಇಪ್ಪತ್ತು ಕಿಲೋಮೀಟರ್ ಮೊಬೈಲ್‌ನಲ್ಲಿ ಕಣ್ಣು ನೆಟ್ಟು ಕೂತರೆ ತಲೆ ಸುತ್ತುತ್ತದೆ, ಇಯರ್‌ಫೋನ್ ಹಾಕಿ ಕೇಳಿದರೆ ದಾರಿ ಸಾಗಿದ್ದೇ ಗೊತ್ತಾಗಲ್ಲ.

ಧಾರವಾಡ ಆಕಾಶವಾಣಿಗೆ ಹಿಂದೂಸ್ತಾನಿ ಸಂಗೀತದ ದೊಡ್ಡ ಪರಂಪರೆ ಇದೆ. ಮಲ್ಲಿಕಾರ್ಜುನ ಮನಸೂರ ಅವರೇ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 1930ರ ದಶಕದಲ್ಲೇ ಗ್ರಾಮಫೋನ್ ರೆಕಾರ್ಡ್ ಕೊಟ್ಟವರು. ಆ ದನಿಗಳನ್ನು ಕೇಳಬೇಕು ಅಂದರೆ ಆಗ ರೆಕಾರ್ಡ್ ಇದ್ದ ಮನೆಗೆ ಹೋಗಬೇಕಿತ್ತು, ಆಮೇಲೆ ರೇಡಿಯೋ ಹೊತ್ತಿಗೆ ಕಾಯಬೇಕಿತ್ತು. ಮೀಡಿಯಂ ವೇವ್ ಸೆಟ್ ಈಗ ಅಂಗಡಿಯಲ್ಲಿ ಅಪರೂಪ. ಎಲ್‌ಇಡಿ ಬಲ್ಬು, ಚಾರ್ಜರ್ ಪಕ್ಕ ಇಟ್ಟರೆ ಗೊರಗೊರ ಅನ್ನುತ್ತದೆ. ಆಕಾಶವಾಣಿಯ ಮೊಬೈಲ್ ಆ್ಯಪ್‌ನಲ್ಲಿ ಧಾರವಾಡ ಕೇಂದ್ರವನ್ನು ಸ್ಪಷ್ಟವಾಗಿ ಕೇಳಬಹುದು. ಗಂಟೆಗೆ ಹೋಗುವ ಡೇಟಾ ಎಚ್‌ಡಿ ಸಿನಿಮಾದ ಒಂದೆರಡು ನಿಮಿಷಕ್ಕೆ ಸಮ. ಬೇಕಾದ ಹಾಡು ಬೇಕಾದಾಗ ಸಿಗಲ್ಲ ಅನ್ನೋದು ಇದರ ಕೊರತೆ. ಕೆಲವರಿಗೆ ಅದೇ ಇಷ್ಟ.

ಥಿಯೇಟರ್

ಹುಬ್ಬಳ್ಳಿಯಲ್ಲಿ ಅಪ್ಸರಾ, ಸುಧಾ ಅಂತ ಹೇಳುವ ಕಾಲ ಹೋಗಿ ಮಾಲ್‌ಗಳ ಹೆಸರು ಹೇಳುವ ಕಾಲ ಬಂದಿದೆ. ಒಂಟಿ ಪರದೆಯ ಥಿಯೇಟರ್‌ನಲ್ಲಿ ಟಿಕೆಟ್ ಅಗ್ಗ, ಶಿಳ್ಳೆ ಜೋರು. ಮಲ್ಟಿಪ್ಲೆಕ್ಸ್‌ನಲ್ಲಿ ಸೀಟು, ಧ್ವನಿ ಚೆನ್ನ, ಪಾಪ್‌ಕಾರ್ನ್‌ಗೆ ಕೊಡುವ ದುಡ್ಡಿನಲ್ಲಿ ಹೊರಗೆ ಮಿರ್ಚಿ-ಗಿರಮಿಟ್ ತಿಂದು ಚಹಾನೂ ಕುಡಿಯಬಹುದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ತೆರಿಗೆಯೂ ಆಗಲೇ ಬದಲಾಯಿತು: 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 5, ಅದಕ್ಕೂ ಮೇಲಿದ್ದರೆ ಶೇ 18. ಕೌಂಟರ್‌ನಲ್ಲಿ ತಗೊಂಡರೆ ಆನ್‌ಲೈನ್ ಶುಲ್ಕವಾದರೂ ಉಳಿಯುತ್ತದೆ.

ನಾಲ್ಕು ಜನರ ಮನೆ ತಿಂಗಳಿಗೊಂದು ಸಲ ಮಲ್ಟಿಪ್ಲೆಕ್ಸ್‌ಗೆ ಹೋದರೆ ಅದೇ ಇಡೀ ಮನರಂಜನೆಯ ಬಜೆಟ್ ಆಗುತ್ತದೆ. ಹಾಗಾಗಿ ಆರಿಸಿ ಹೋಗಿ. ಆ್ಯಪ್‌ಗೆ ಖಂಡಿತ ಬರುವ ದೊಡ್ಡ ಸಿನಿಮಾಕ್ಕೆ ಕಾಯಬಹುದು. ಸಣ್ಣ ಕನ್ನಡ ಸಿನಿಮಾ ಇಷ್ಟ ಅನಿಸಿದರೆ ಮೊದಲ ವಾರವೇ ಹೋಗಿಬಿಡಿ, ಎರಡನೇ ವಾರಕ್ಕೆ ಇರಲಿಕ್ಕಿಲ್ಲ. ಜನ ಸಾಮಾನ್ಯವಾಗಿ ಇದಕ್ಕೆ ಉಲ್ಟಾ ಮಾಡುತ್ತಾರೆ, ಅಲ್ವಾ?

ಕಂಪನಿ ನಾಟಕ

ಇದನ್ನು ಹೋಲಿಕೆಗೆ ಯಾಕೆ ತಂದಿರಿ ಅಂತ ಕೆಲವರು ಕೇಳಬಹುದು. ಧಾರವಾಡ, ಗದಗ, ಹಾವೇರಿ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಮ್ಯೂಸಿಯಮ್ಮಿನ ವಸ್ತು ಅಲ್ಲ, ಟಿಕೆಟ್ ಕೊಟ್ಟು ನೋಡುವ ಜೀವಂತ ವ್ಯಾಪಾರ.

ಶುರುವಾದದ್ದೂ ಇಲ್ಲೇ. 1870ರ ದಶಕದಲ್ಲಿ ಈ ಕಡೆಯೆಲ್ಲ ಮರಾಠಿ ನಾಟಕಗಳದೇ ಅಬ್ಬರ. ಆಗ ಗದಗದಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಕನ್ನಡದಲ್ಲೇ ನಾಟಕ ಬರೆದು ಮಂಡಳಿ ಕಟ್ಟಿದರು. ಮನಸೂರ, ಬಸವರಾಜ ರಾಜಗುರು ಅಂಥ ಗಾಯಕರು ಹುಡುಗರಾಗಿದ್ದಾಗ ಕಂಪನಿಗಳಲ್ಲೇ ಹಾಡಿ ಬೆಳೆದರು. ಏಣಗಿ ಬಾಳಪ್ಪ ಹರೆಯದಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರಾದವರು, ಮುಂದೆ ಸ್ವಂತ ಕಂಪನಿ ನಡೆಸಿದರು, ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಗದಗದ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಬೆಳೆಸಿದ ನಾಟ್ಯ ಸಂಘವಂತೂ ಆಶ್ರಮದ ಮಕ್ಕಳ ಊಟ, ಪಾಠಕ್ಕೆ ಆಸರೆಯಾಗಿತ್ತು.

ಈಗ ಕಂಪನಿಗಳು ಜಾತ್ರೆ ಹಿಡಿದು ಕ್ಯಾಂಪ್ ಹಾಕುತ್ತವೆ. ಬನದ ಹುಣ್ಣಿಮೆಗೆ, ಅಂದರೆ ಜನವರಿ ಹೊತ್ತಿಗೆ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿ ಒಟ್ಟಿಗೆ ಸಿಗುತ್ತವೆ. ಹುಬ್ಬಳ್ಳಿ, ಗದಗದಿಂದ ಬಾದಾಮಿಗೆ ರೈಲಿದೆ. ಹಾವೇರಿಯವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆ ಹತ್ತಿರ.

ನೋಡೋಕೆ ಹೋಗುವ ಮುಂಚೆ ತಿಳಿದಿರಬೇಕಾದ್ದು ಒಂದಿದೆ. ಹಳೇ ಪೌರಾಣಿಕ ನಾಟಕ, ರಂಗಗೀತೆ ಅಂತ ನೆನೆಸಿಕೊಂಡು ಹೋದರೆ ನಿರಾಸೆ ಆಗಬಹುದು. ಟಿವಿ, ಸಿನಿಮಾ ಜೊತೆ ಸ್ಪರ್ಧೆ ಮಾಡಿ ಮಾಡಿ ಕಾಮಿಡಿ ಜಾಸ್ತಿ ಆಗಿದೆ. ಅದರಲ್ಲಿ ಡಬಲ್ ಮೀನಿಂಗ್ ಮಾತೂ ಜಾಸ್ತಿ. ಸಂಸಾರ ಸಮೇತ ಹೋಗುವವರು ಹಿಂದಿನ ದಿನ ನೋಡಿ ಬಂದವರನ್ನು ಒಂದು ಮಾತು ಕೇಳಿ. ಹೀಗಿದ್ದರೂ ಮುಂದಿನ ಸಾಲಿನಲ್ಲಿ ಕೂತಾಗ ನಟ ನಿಮ್ಮ ಊರಿನ ಹೆಸರು ಹಿಡಿದು ಸ್ಥಳದಲ್ಲೇ ಒಂದು ಮಾತು ಸೇರಿಸುತ್ತಾನಲ್ಲ, ಅದು ಯಾವ ಆ್ಯಪ್‌ನಲ್ಲೂ ಬರಲ್ಲ.

ಡಬಲ್ ಮೀನಿಂಗ್ ಬೇಡ, ನಾಟಕ ಬೇಕು ಅನ್ನುವವರಿಗೆ ಧಾರವಾಡ ರಂಗಾಯಣ ಇದೆ, ಹವ್ಯಾಸಿ ತಂಡಗಳಿವೆ. ಟಿಕೆಟ್ ಕಡಿಮೆ, ಕೆಲವು ಸಲ ಉಚಿತ. ಪ್ರದರ್ಶನ ಯಾವಾಗ ಅಂತ ನೀವೇ ವಿಚಾರಿಸಬೇಕು, ಅದೊಂದೇ ಕಷ್ಟ.

ನಿಮ್ಮ ಮನೆಗೆ ಯಾವುದು

ವಯಸ್ಸಾದ ಗಂಡ-ಹೆಂಡತಿ ಇಬ್ಬರೇ ಇರುವ ಮನೆ: ಚಾನೆಲ್ ಕಡಿಮೆ ಮಾಡಿಸಿದ ಕೇಬಲ್, ಜೊತೆಗೊಂದು ರೇಡಿಯೋ. ಮಗ ಬೆಂಗಳೂರಿನಿಂದ ಸ್ಮಾರ್ಟ್ ಟಿವಿ ಕಳಿಸಿದರೂ ಕೇಬಲ್ ತೆಗೆಸಬೇಡಿ. ಹೊಲದ ಮನೆ, ಕೈ ಬಿಗಿ ಇರುವ ಮನೆ: ಫ್ರೀ ಡಿಶ್, ಕನ್ನಡಕ್ಕೆ ಮೊಬೈಲ್‌ನಲ್ಲಿ ಯೂಟ್ಯೂಬ್. ಉಳಿದ ದುಡ್ಡಲ್ಲಿ ಜಾತ್ರೆಗೆ ಎಲ್ಲರೂ ಸೇರಿ ಒಂದು ನಾಟಕ. ಮಕ್ಕಳಿರುವ, ಫೈಬರ್ ಇರುವ ಮನೆ: ಒಂದು ಆ್ಯಪ್ ಮಾತ್ರ, ಅದೂ ಮೂರು ಮೂರು ತಿಂಗಳಿಗೆ ಬದಲಿಸುತ್ತಾ ಹೋಗಿ. ಎರಡನೇ ಚಂದಾ ಹಾಕುವ ಮುಂಚೆ ಮೊದಲನೆಯದನ್ನು ನಿಲ್ಲಿಸಿ.

ಧಾರವಾಡದ ರೂಮಿನ ಹುಡುಗರಿಗೆ: ನಾಲ್ಕು ಜನ ಸೇರಿ ಒಂದೇ ಚಂದಾ ಹಾಕುವುದಾದರೆ ಒಟ್ಟಿಗೆ ಎಷ್ಟು ಸ್ಕ್ರೀನ್ ಓಡುತ್ತವೆ ಅಂತ ಮೊದಲು ಓದಿ. ಅಗ್ಗದ ಪ್ಯಾಕ್‌ಗಳು ಸಾಮಾನ್ಯವಾಗಿ ಒಂದೇ ಮೊಬೈಲ್‌ಗೆ. ಐಪಿಎಲ್‌ಗಾಗಿಯೇ ಹಾಕುತ್ತೀರಿ ಅಂದರೆ ವರ್ಷದ ಪ್ಯಾಕ್ ಬೇಡ, ಮಾರ್ಚ್ ಕೊನೆಯಲ್ಲಿ ಮೂರು ತಿಂಗಳದ್ದು ತಗೊಳ್ಳಿ. ದುಡ್ಡು ಕಟ್ಟಿದ ದಿನವೇ ಯುಪಿಐ ಆ್ಯಪ್ ತೆರೆದು ಆಟೋಪೇ ಪಟ್ಟಿಯಲ್ಲಿ ಅದನ್ನು ರದ್ದು ಮಾಡಿ. ಪ್ಯಾಕ್ ಮುಗಿಯುವವರೆಗೆ ಮ್ಯಾಚ್ ಬರುತ್ತಲೇ ಇರುತ್ತದೆ, ಜೂನ್ ಕೊನೆಯಲ್ಲಿ ಖಾತೆಯಿಂದ ದುಡ್ಡು ಮಾತ್ರ ಹೋಗಲ್ಲ.